ಮತಪೆಟ್ಟಿಗೆಯ ಮುಂದೆ ಅಂಬೇಡ್ಕರರು

ಮೈಸೂರು ನಗರದ ದಕ್ಷಿಣಕ್ಕೆ, ರೈಲ್ವೆ ಕಾರ್ಯಾಗಾರದ ನೆರೆಯಲ್ಲಿ, ಅಶೋಕಪುರಂ ಎಂಬ ಬಡಾವಣೆಯಿದೆ. ಹಿಂದೆ ಆದಿಕರ್ನಾಟಕಪುರವೆಂದು ಹೆಸರಾಗಿದ್ದ ಈ ಕೇರಿಯಲ್ಲಿ ಪ್ರತಿವರ್ಷವೂ ಏಪ್ರಿಲ್ ೧೪ರಂದು ಬೀದಿಬೀದಿಗೂ ತೋರಣ ಏರುತ್ತದೆ. ಅಂಬೇಡ್ಕರರ ಹೆಸರನ್ನು ಹೊತ್ತ ಉದ್ಯಾನದಲ್ಲಿ ಜನ ಸೇರುತ್ತಾರೆ. ಮುದುಕರು ಹೂವಿನ ಹಾರ ಹಿಡಿದು ಬರುತ್ತಾರೆ. ಮಕ್ಕಳು ನೀಲಿ ಬಾವುಟ ಹಿಡಿದು ಓಡಾಡುತ್ತಾರೆ. ಅಂದಿನ ಭಾಷಣಗಳಲ್ಲಿ ಕೇಳಿಬರುವುದು ಸಂವಿಧಾನ ಶಿಲ್ಪಿಯ ಹೆಸರು, ಅವರು ವಿದೇಶಗಳಲ್ಲಿ ಪಡೆದ ಪದವಿಗಳು, ಮಹಾಡಿನ ಕೆರೆ, ನಾಗಪುರದ ದೀಕ್ಷೆ. ಇವೆಲ್ಲವೂ ಸ್ಮರಣೀಯವೇ ಸರಿ. ಆದರೆ ಆ ಜೀವನದ ಒಂದು ಮಗ್ಗುಲು ಅಷ್ಟಾಗಿ ಬೆಳಕಿಗೆ ಬಂದಂತಿಲ್ಲ. ಅಂಬೇಡ್ಕರರು ಮತ್ತೆ ಮತ್ತೆ ಚುನಾವಣೆಯ ಕಣಕ್ಕೆ ಇಳಿದವರು. ಗೆಲುವು ದೂರವೆಂದು ತಿಳಿದೂ ಇಳಿದವರು. ಅವರೊಡನೆ ಹೆಸರಿಲ್ಲದ ಸಾವಿರಾರು ಜನ ಇಳಿದರು.

ಒಮ್ಮೆ ತರಗತಿಯಲ್ಲಿ ಆ ಬಡಾವಣೆಯಿಂದ ಬರುವ ವಿದ್ಯಾರ್ಥಿಯೊಬ್ಬನು ನನ್ನನ್ನು ಕೇಳಿದ ಪ್ರಶ್ನೆ ಈ ಲೇಖನಕ್ಕೆ ಪ್ರೇರಣೆ. ದೇಶದ ಪ್ರತಿಯೊಬ್ಬ ವಯಸ್ಕನಿಗೂ ಮತದ ಹಕ್ಕನ್ನು ಬರೆದಿಟ್ಟವರು ಅದೇ ಮತದಿಂದ ಸೋತರಂತೆ, ಅದು ನಿಜವೇ ಎಂದು ಅವನು ಕೇಳಿದನು. ನಿಜವೆಂದೆ. ಹಾಗಾದರೆ ಅವರಿಗಾಗಿ ದುಡಿದವರ ದುಡಿಮೆಯೆಲ್ಲ ವ್ಯರ್ಥವಾಯಿತಲ್ಲವೇ ಎಂಬುದು ಅವನ ಎರಡನೆಯ ಪ್ರಶ್ನೆ. ಅದಕ್ಕೆ ಅಂದು ನಾನು ಕೊಟ್ಟ ಉತ್ತರ ನನಗೇ ತೃಪ್ತಿ ತರಲಿಲ್ಲ. ಒಂದು ಮಾತಿನಲ್ಲಿ ಮುಗಿಯುವ ಉತ್ತರವೂ ಅದಲ್ಲ. ಆ ಜೀವನವನ್ನು ಮೊದಲಿನಿಂದ ನೋಡಿದಾಗಲೇ ಅದು ಸಿಕ್ಕೀತು.

ಭೀಮರಾಯರು ಹುಟ್ಟಿದ್ದು ೧೮೯೧ರ ಏಪ್ರಿಲ್ ೧೪ರಂದು, ಮಧ್ಯಭಾರತದ ಮಹೂ ಎಂಬ ದಂಡಿನ ಊರಿನಲ್ಲಿ. ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರಾಗಿದ್ದವರು, ತಾಯಿ ಭೀಮಾಬಾಯಿ. ಮನೆತನದ ಮೂಲ ರತ್ನಾಗಿರಿ ಸೀಮೆಯದು, ಜಾತಿ ಮಹಾರರದು. ಸಾತಾರೆಯ ಶಾಲೆಯಲ್ಲಿ ಬಾಲಕ ಭೀಮನು ಮನೆಯಿಂದ ತಂದ ಗೋಣಿಯ ತುಂಡಿನ ಮೇಲೆ ಬೇರೆಯಾಗಿ ಕುಳಿತು ಪಾಠ ಕೇಳಬೇಕಾಗಿತ್ತು. ನೀರಡಿಸಿದರೆ ಮತ್ತೊಬ್ಬರು ಮೇಲಿಂದ ಹೊಯ್ದಾಗಲೇ ಕುಡಿಯಬೇಕಾಗಿತ್ತು. ೧೯೦೭ರಲ್ಲಿ ಮೆಟ್ರಿಕ್ಯುಲೇಷನ್, ೧೯೧೨ರಲ್ಲಿ ಬಿ. ಎ., ಆಮೇಲೆ ಬರೋಡೆಯ ಮಹಾರಾಜರ ವಿದ್ಯಾರ್ಥಿವೇತನದಿಂದ ೧೯೧೩ರಲ್ಲಿ ಅಮೆರಿಕೆಯ ಕೊಲಂಬಿಯ ವಿಶ್ವವಿದ್ಯಾನಿಲಯ, ಅಲ್ಲಿಂದ ಲಂಡನ್ನು. ೧೯೧೭ರಲ್ಲಿ ಬರೋಡೆಯ ನೌಕರಿಗೆ ಮರಳಿದಾಗ ಆ ವಿದ್ವಾಂಸರಿಗೆ ತಲೆಮರೆಸಲು ಒಂದು ಬಾಡಿಗೆಯ ಕೋಣೆಯೂ ದೊರೆಯಲಿಲ್ಲ. ಪಾಂಡಿತ್ಯವೊಂದರಿಂದಲೇ ಈ ಗೋಡೆ ಬೀಳದೆಂಬುದು ಅವರಿಗೆ ಅಂದೇ ಮನದಟ್ಟಾಗಿರಬೇಕು.

೧೯೧೯ರಲ್ಲಿ ಮತದಾನದ ಹಕ್ಕನ್ನು ಕುರಿತು ವಿಚಾರಿಸಲು ಸೌತ್‌ಬರೋ ಸಮಿತಿ ಬಂದಿತು. ಆಗ ಇಪ್ಪತ್ತೇಳು ವರ್ಷದ ಪ್ರಾಧ್ಯಾಪಕರಾಗಿದ್ದ ಅಂಬೇಡ್ಕರರು ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಅಂದಿನ ಕಾಲದಲ್ಲಿ ಮತವೆಂಬುದು ಆಸ್ತಿವಂತರ ಸೊತ್ತು. ಭೂಮಿಯಿದ್ದವನಿಗೆ, ತೆರಿಗೆ ಕೊಡುವವನಿಗೆ, ಪದವಿ ಪಡೆದವನಿಗೆ ಮತ. ನಮ್ಮ ಮೈಸೂರು ಸಂಸ್ಥಾನದಲ್ಲಿಯೂ, ೧೮೮೧ರಷ್ಟು ಹಿಂದೆಯೇ ಪ್ರಜಾಪ್ರತಿನಿಧಿ ಸಭೆ ಏರ್ಪಟ್ಟಿದ್ದರೂ, ಅದರ ಸದಸ್ಯರನ್ನು ಆರಿಸುವ ಹಕ್ಕು ಬಹುಕಾಲ ಇಂಥ ಕೆಲವರ ಕೈಯಲ್ಲಿಯೇ ಉಳಿದಿತ್ತು. ಭೂಮಿಯನ್ನು ಕೊಳ್ಳಲು ಬಿಡದ ಸಮಾಜವೇ ಭೂಮಿಯಿಲ್ಲದವನಿಗೆ ಮತವಿಲ್ಲವೆಂದು ನಿಯಮ ಮಾಡಿದರೆ ಅಸ್ಪೃಶ್ಯನು ಎಲ್ಲಿಗೆ ಹೋಗಬೇಕು? ಅಸ್ಪೃಶ್ಯರಿಗೆ ಈ ಅರ್ಹತೆಗಳನ್ನು ಇಳಿಸಬೇಕು, ಅವರ ಪ್ರತಿನಿಧಿಗಳನ್ನು ಅವರೇ ಆರಿಸಬೇಕು ಎಂಬುದು ತರುಣ ಪ್ರಾಧ್ಯಾಪಕರ ವಾದ. ಮುಂದಿನ ಮೂವತ್ತು ವರ್ಷಗಳ ಬೀಜ ಇಲ್ಲಿದೆ.

ವಾದಕ್ಕೆ ಜನಬಲ ಬೇಕಷ್ಟೆ. ೧೯೨೦ರ ಜನವರಿ ೩೧ರಂದು ಮೂಕನಾಯಕ ಪತ್ರಿಕೆ ಹೊರಟಿತು. ಮತ್ತೆ ಲಂಡನ್ನಿಗೆ ಹೋಗಿ ಡಿ. ಎಸ್‌ಸಿ. ಪದವಿಯನ್ನೂ ಬ್ಯಾರಿಸ್ಟರ್ ಸನ್ನದನ್ನೂ ಪಡೆದು ಬಂದ ತರುವಾಯ, ೧೯೨೪ರಲ್ಲಿ, ಬಹಿಷ್ಕೃತ ಹಿತಕಾರಿಣೀ ಸಭೆಯನ್ನು ಸ್ಥಾಪಿಸಿದರು. ೧೯೨೫ರ ಏಪ್ರಿಲಿನಲ್ಲಿ ನಮ್ಮ ನಿಪ್ಪಾಣಿಯಲ್ಲಿ ನಡೆದ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ೧೯೨೭ರ ಮಾರ್ಚ್ ೨೦ರಂದು ಮಹಾಡಿನ ಚವದಾರ್ ಕೆರೆಯ ನೀರನ್ನು ಸಾವಿರಾರು ಜನ ಅವರ ಹಿಂದೆ ನಿಂತು ಕುಡಿದರು. ಆ ಹೋರಾಟದ ದಿನಗಳಲ್ಲಿ ರೂಪುಗೊಂಡ ಸಮತಾ ಸೈನಿಕ ದಳದಲ್ಲಿ ಗಿರಣಿಯ ಕೂಲಿಗಳು, ಬಂದರಿನ ಹಮಾಲರು, ರೈಲ್ವೆಯ ಗ್ಯಾಂಗಿನವರು ಸೇರಿದರು. ೧೯೨೯ರಲ್ಲಿ ಧಾರವಾಡದಲ್ಲಿ ದಲಿತ ವಿದ್ಯಾರ್ಥಿಗಳಿಗಾಗಿ ನಿಲಯವೊಂದು ಏರ್ಪಟ್ಟಿತು. ಜಲಸಾ ಎಂಬ ಹಾಡು-ನಾಟಕಗಳ ಮೇಳಗಳು ಊರಿಂದೂರಿಗೆ ತಿರುಗಿ, ಅಕ್ಷರ ಬಾರದವರಿಗೆ ಅಂಬೇಡ್ಕರರ ವಿಚಾರವನ್ನು ಹಾಡಿ ತಿಳಿಸಿದವು. ಮುಂದೆ ಚುನಾವಣೆಗಳಲ್ಲಿ ಮನೆಮನೆಗೆ ನಡೆದವರು ಇವರೇ. ಪಕ್ಷ ಹುಟ್ಟುವುದಕ್ಕಿಂತ ಮೊದಲೇ ಅದರ ಸ್ವಯಂಸೇವಕರು ಹುಟ್ಟಿದ್ದರೆಂಬುದನ್ನು ಇಲ್ಲಿ ಗಮನಿಸಬೇಕು.

೧೯೨೭ರಿಂದ ಅಂಬೇಡ್ಕರರು ಮುಂಬಯಿ ಶಾಸನ ಪರಿಷತ್ತಿನಲ್ಲಿ ಕುಳಿತದ್ದು ನಾಮಕರಣದಿಂದ. ಗವರ್ನರರು ಹೆಸರಿಸಿದ್ದರಿಂದ ದೊರೆತ ಸ್ಥಾನ ಅದು. ಆ ಬಗೆಯ ಸ್ಥಾನದಲ್ಲಿ ಅವರಿಗೆ ಸಮಾಧಾನವಿರಲಿಲ್ಲ. ೧೯೨೮ರಲ್ಲಿ ಸೈಮನ್ ಆಯೋಗದ ಮುಂದೆ ಅವರು ವಯಸ್ಕರೆಲ್ಲರಿಗೂ ಮತ ಬೇಕೆಂದು ಕೇಳಿದರು. ಓದುಬರಹ ಬಾರದವನು ತನ್ನ ಹಿತವನ್ನು ಅರಿಯಲಾರನೆಂಬ ವಾದವನ್ನು ಅವರು ಒಪ್ಪಲಿಲ್ಲ. ಅನಂತರ ಲಂಡನ್ನಿನ ದುಂಡುಮೇಜಿನ ಪರಿಷತ್ತುಗಳು, ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಕೊಟ್ಟ ೧೯೩೨ರ ತೀರ್ಪು, ಅದರ ವಿರುದ್ಧ ಯರವಡಾ ಸೆರೆಮನೆಯಲ್ಲಿ ಗಾಂಧೀಜಿಯವರ ಉಪವಾಸ, ಸೆಪ್ಟೆಂಬರ್ ೨೪ರ ಪೂನಾ ಒಪ್ಪಂದ. ಇವು ಎಲ್ಲರೂ ಬಲ್ಲ ಸಂಗತಿಗಳು. ಎಲ್ಲರೂ ಅಷ್ಟಾಗಿ ಬಲ್ಲದಿರುವುದು ಆ ಒಪ್ಪಂದದೊಳಗೆ ಅಡಗಿದ್ದ ಒಂದು ಏರ್ಪಾಡನ್ನು.

ಒಪ್ಪಂದದಿಂದ ಪ್ರಾಂತೀಯ ಶಾಸನ ಸಭೆಗಳಲ್ಲಿ ೧೪೮ ಸ್ಥಾನಗಳು ಮೀಸಲಾದವು. ಆದರೆ ಅವುಗಳಿಗೆ ಚುನಾವಣೆ ಎರಡು ಮೆಟ್ಟಲುಗಳಲ್ಲಿ ನಡೆಯಬೇಕು. ಮೊದಲನೆಯದು ಪ್ರಾಥಮಿಕ ಚುನಾವಣೆ. ಅದರಲ್ಲಿ ದಲಿತ ಮತದಾರರು ಮಾತ್ರ ಮತ ಹಾಕಿ, ಒಂದೊಂದು ಸ್ಥಾನಕ್ಕೂ ನಾಲ್ವರು ಉಮೇದುವಾರರನ್ನು ಆರಿಸಬೇಕು. ಎರಡನೆಯದರಲ್ಲಿ ಎಲ್ಲ ಜಾತಿಯ ಮತದಾರರೂ ಸೇರಿ ಆ ನಾಲ್ವರಲ್ಲಿ ಒಬ್ಬನನ್ನು ಗೆಲ್ಲಿಸಬೇಕು. ಈ ಪದ್ಧತಿಗೆ ಹತ್ತು ವರ್ಷಗಳ ಅವಧಿ. ಅಮೆರಿಕೆಯಲ್ಲಿ ಅಧ್ಯಕ್ಷ ಪದವಿಯ ಉಮೇದುವಾರರನ್ನು ಪಕ್ಷದ ಮತದಾರರು ಮೊದಲು ಆರಿಸುವ ಪ್ರಾಥಮಿಕ ಚುನಾವಣೆಗಳನ್ನು ಕುರಿತು ನಾವು ಪತ್ರಿಕೆಗಳಲ್ಲಿ ಓದುತ್ತೇವೆ. ಅದನ್ನು ಹೋಲುವ ಒಂದು ಪದ್ಧತಿ ನಮ್ಮ ನೆಲದಲ್ಲಿಯೂ ನಡೆದಿತ್ತು. ಅದರ ಮತದಾರರು ದೇಶದ ಅತ್ಯಂತ ಬಡವರಾಗಿದ್ದರು. ಇದರ ತೊಡಕು ಎರಡು ಬಗೆಯದು. ಬಡ ಉಮೇದುವಾರನು ಒಂದೇ ಸ್ಥಾನಕ್ಕಾಗಿ ಎರಡು ಸಲ ಖರ್ಚು ಮಾಡಬೇಕು, ಎರಡು ಸಲ ಅಲೆಯಬೇಕು. ಅದಕ್ಕಿಂತ ದೊಡ್ಡ ತೊಡಕೆಂದರೆ, ತನ್ನವರು ಮೊದಲನೆಯವನನ್ನಾಗಿ ಆರಿಸಿದವನನ್ನು ಉಳಿದವರು ಸೋಲಿಸಿ, ನಾಲ್ಕನೆಯವನನ್ನು ಗೆಲ್ಲಿಸಬಹುದಾಗಿತ್ತು.

೧೯೩೫ರ ಮೇ ತಿಂಗಳಲ್ಲಿ ಪತ್ನಿ ರಮಾಬಾಯಿಯವರು ತೀರಿಕೊಂಡರು. ಪತಿಯ ವಿದ್ಯೆಗಾಗಿ, ಹೋರಾಟಕ್ಕಾಗಿ ಬಡತನವನ್ನೆಲ್ಲ ಸಹಿಸಿದ ಸಾಧ್ವಿ ಆಕೆ. ಆ ದುಃಖ ಆರುವ ಮುನ್ನವೇ ಹೊಸ ಕಾರ್ಯ ಕಾದಿತ್ತು. ೧೯೩೬ರ ಆಗಸ್ಟಿನಲ್ಲಿ ಅಂಬೇಡ್ಕರರು ಸ್ವತಂತ್ರ ಕಾರ್ಮಿಕ ಪಕ್ಷವನ್ನು ಕಟ್ಟಿದರು. ಆರು ತಿಂಗಳಲ್ಲಿ ಚುನಾವಣೆ. ಎದುರಿಗೆ ಗಾಂಧೀಜಿಯವರ ಹೆಸರಿನ ಬಲವೂ ಧನಬಲವೂ ಊರೂರಿನ ಸಂಘಟನೆಯೂ ಇದ್ದ ಕಾಂಗ್ರೆಸ್ಸು. ಇತ್ತ, ಗಿರಣಿಗಳ ನಡುವಿನ ಪರೇಲಿನಲ್ಲಿ ಒಂದು ಕಚೇರಿ, ಒಂದು ವಾರಪತ್ರಿಕೆ, ಕೂಲಿಯ ದಿನದ ಆಣೆಗಳಲ್ಲಿ ಒಂದನ್ನು ಪಕ್ಷಕ್ಕೆ ತೆಗೆದಿಡುವ ಜನ.

ಅಂಬೇಡ್ಕರರು ನಿಂತದ್ದು ಭಾಯಖಳಾ ಮತ್ತು ಪರೇಲ್ ಸೇರಿದ ಕ್ಷೇತ್ರದಲ್ಲಿ. ಕಾಂಗ್ರೆಸ್ಸು ಅವರ ಎದುರಿಗೆ ನಿಲ್ಲಿಸಿದ್ದು ಪಾಲ್ವಣಕರ್ ಬಾಳೂ ಅವರನ್ನು. ನಮ್ಮ ಧಾರವಾಡದಲ್ಲಿ ಹುಟ್ಟಿದ ಬಾಳೂ, ಚಮ್ಮಾರ ಮನೆತನದವರು. ಎಡಗೈಯಿಂದ ಚೆಂಡೆಸೆಯುವುದರಲ್ಲಿ ಅವರಿಗೆ ಸಾಟಿಯಿರಲಿಲ್ಲ. ೧೯೧೧ರಲ್ಲಿ ಇಂಗ್ಲೆಂಡಿಗೆ ಹೋದ ಭಾರತದ ತಂಡದಲ್ಲಿ ನೂರಕ್ಕೂ ಮೀರಿ ವಿಕೆಟ್ಟುಗಳನ್ನು ಕಿತ್ತವರು. ಆದರೂ ಅಸ್ಪೃಶ್ಯರೆಂಬ ಕಾರಣದಿಂದ ನಾಯಕತ್ವ ಅವರ ಕೈಗೆ ಬರಲಿಲ್ಲ. ತರುಣ ಅಂಬೇಡ್ಕರರು ಅವರನ್ನು ಮೆಚ್ಚಿ ಹೆಮ್ಮೆಪಟ್ಟವರು. ಪೂನಾ ಒಪ್ಪಂದಕ್ಕೆ ಇಬ್ಬರೂ ಸಹಿ ಹಾಕಿದವರು. ಒಂದೇ ನೋವನ್ನುಂಡ ಇಬ್ಬರು ಒಂದೇ ಸ್ಥಾನಕ್ಕಾಗಿ ಎದುರುಬದುರಾದುದು ಆ ಚುನಾವಣೆಯ ವಿಷಾದದ ಸಂಗತಿ. ಇಬ್ಬರಲ್ಲಿ ಯಾರನ್ನೂ ಕೀಳೆನ್ನಲಾಗದು.

ಅಂದಿನ ಮುಂಬಯಿ ಪ್ರಾಂತದ ನಿಯಮದಂತೆ, ಒಂದಕ್ಕಿಂತ ಹೆಚ್ಚು ಸ್ಥಾನಗಳಿದ್ದ ಕ್ಷೇತ್ರದಲ್ಲಿ ಮತದಾರನಿಗೆ ಹಲವು ಮತಗಳಿರುತ್ತಿದ್ದವು. ಇಷ್ಟಪಟ್ಟರೆ ಅವನು ಎಲ್ಲವನ್ನೂ ಒಬ್ಬನಿಗೇ ಹಾಕಬಹುದಾಗಿತ್ತು. ಈ ಸೂಕ್ಷ್ಮವನ್ನು ಜನಕ್ಕೆ ತಿಳಿಸಿಕೊಡುವುದೇ ಸ್ವಯಂಸೇವಕರ ಮೊದಲನೆಯ ಕೆಲಸ. ಪಾಳಿ ಮುಗಿಸಿ ಬಂದ ಕೂಲಿಗಳು ರಾತ್ರಿ ಚಾಳುಗಳ ಮೆಟ್ಟಲು ಹತ್ತಿ, ಕಂದೀಲಿನ ಬೆಳಕಿನಲ್ಲಿ ಇದನ್ನು ವಿವರಿಸಬೇಕು. ಪಟ್ಟಿಯಲ್ಲಿ ಹೆಸರಿದ್ದವರನ್ನು ಹುಡುಕಬೇಕು. ಮತದಾನದ ದಿನ ಅವರನ್ನು ಕರೆತರಬೇಕು. ಬ್ರಿಟಿಷ್ ಭಾರತದಲ್ಲೆಲ್ಲ ಅಂದು ಮತವಿದ್ದವರು ಸುಮಾರು ಮೂರು ಕೋಟಿ ಮಾತ್ರ. ಹೀಗೆ ಮೆಟ್ಟಲು ಹತ್ತಿದವರಲ್ಲಿ ಎಷ್ಟೋ ಮಂದಿಗೆ ಸ್ವಂತ ಮತವಿರಲಿಲ್ಲ. ತಮಗೆ ಇಲ್ಲದ ಹಕ್ಕನ್ನು ಇನ್ನೊಬ್ಬನು ಸರಿಯಾಗಿ ಬಳಸಲೆಂದು ಅವರು ದುಡಿದರು.

೧೯೩೭ರ ಫೆಬ್ರವರಿಯಲ್ಲಿ ಅಂಬೇಡ್ಕರರು ಸುಮಾರು ಎರಡು ಸಾವಿರ ಮತಗಳ ಅಂತರದಿಂದ ಗೆದ್ದರು. ಪಕ್ಷ ನಿಲ್ಲಿಸಿದ್ದ ಹದಿನೇಳು ಮಂದಿಯಲ್ಲಿ ಹೆಚ್ಚಿನವರು ಗೆದ್ದು ಬಂದರು. ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಮೀಸಲು ಸ್ಥಾನದಿಂದ ಬಳವಂತರಾವ್ ವರಾಳೆಯವರು ಆರಿಸಿಬಂದರು. ಧಾರವಾಡದ ವಿದ್ಯಾರ್ಥಿನಿಲಯವನ್ನು ನೋಡಿಕೊಂಡು ಮಕ್ಕಳಿಗೆ ಅನ್ನ, ಅಕ್ಷರಗಳನ್ನು ಕೊಟ್ಟವರು ಅವರು. ಕನ್ನಡ ನಾಡಿನ ನೆಲದಲ್ಲಿ ಅಂಬೇಡ್ಕರರ ಪಕ್ಷಕ್ಕೆ ದೊರೆತ ಈ ಗೆಲುವು ನಮ್ಮ ಇತಿಹಾಸದಲ್ಲಿ ನೆನೆಯತಕ್ಕದ್ದು.

ಈ ಗೆಲುವಿನ ಬಿಸಿ ಬಹುಕಾಲ ಉಳಿಯಲಿಲ್ಲ. ೧೯೪೨ರಲ್ಲಿ ನಾಗಪುರದಲ್ಲಿ ಪರಿಶಿಷ್ಟ ಜಾತಿಗಳ ಫೆಡರೇಷನ್ ಹುಟ್ಟಿತು. ಅದೇ ವರ್ಷ ಅಂಬೇಡ್ಕರರು ವೈಸರಾಯರ ಕಾರ್ಯಸಮಿತಿಯಲ್ಲಿ ಕಾರ್ಮಿಕ ಇಲಾಖೆಯ ಸದಸ್ಯರಾದರು. ಆಮೇಲೆ ೧೯೪೫-೪೬ರ ಚುನಾವಣೆ. ಪ್ರಾಥಮಿಕ ಹಂತದಲ್ಲಿ, ಎಂದರೆ ದಲಿತರು ಮಾತ್ರ ಮತ ಹಾಕಿದ ಹಂತದಲ್ಲಿ, ಫೆಡರೇಷನ್ನಿನವರು ಹಲವೆಡೆ ಮುಂದಿದ್ದರು. ಎರಡನೆಯ ಹಂತದಲ್ಲಿ ಎಲ್ಲರ ಮತಗಳೂ ಸೇರಿದಾಗ ಅವರಲ್ಲಿ ಹೆಚ್ಚು ಕಡಮೆ ಎಲ್ಲರೂ ಸೋತರು. ಕಾಂಗ್ರೆಸ್ಸಿನ ಕಡೆಯಿಂದ ನೋಡಿದರೆ, ಎಲ್ಲ ಜಾತಿಗಳ ವಿಶ್ವಾಸವನ್ನೂ ಪಡೆದವನೇ ಪ್ರತಿನಿಧಿಯೆಂಬ ತತ್ತ್ವ ಅಲ್ಲಿ ಗೆದ್ದಿತ್ತು. ಅಂಬೇಡ್ಕರರ ಕಡೆಯಿಂದ ನೋಡಿದರೆ, ತಮ್ಮ ಪ್ರತಿನಿಧಿ ಯಾರೆಂದು ದಲಿತರು ಹೇಳಿದ ಮಾತನ್ನು ಉಳಿದವರು ತಳ್ಳಿಹಾಕಿದ್ದರು. ಈ ಭಿನ್ನಮತಕ್ಕೆ ಇಂದಿಗೂ ಮುಕ್ತಾಯವಿಲ್ಲ. ಫಲವಂತೂ ಸ್ಪಷ್ಟವಾಗಿತ್ತು: ಮುಂಬಯಿ ಶಾಸನ ಸಭೆಯಲ್ಲಿ ಫೆಡರೇಷನ್ನಿಗೆ ಒಬ್ಬ ಸದಸ್ಯನೂ ಇಲ್ಲವಾಯಿತು.

ಇದರ ಪರಿಣಾಮ ತೀರ ಗಂಭೀರವಾದುದು. ಸಂವಿಧಾನ ಸಭೆಯ ಸದಸ್ಯರನ್ನು ಆರಿಸುವವರು ಪ್ರಾಂತಗಳ ಶಾಸಕರು. ಮುಂಬಯಿಯಲ್ಲಿ ಶಾಸಕರೇ ಇಲ್ಲದ ಮೇಲೆ ಅಂಬೇಡ್ಕರರಿಗೆ ಆ ಸಭೆಯ ಬಾಗಿಲು ಮುಚ್ಚಿದಂತೆಯೇ. ಆಗ ದೂರದ ಬಂಗಾಳದಿಂದ ಕರೆ ಬಂದಿತು. ಅಲ್ಲಿಯ ಶಾಸನ ಸಭೆಯಲ್ಲಿ ಫೆಡರೇಷನ್ನಿನ ಪ್ರತಿನಿಧಿ ಒಬ್ಬರೇ, ಜೋಗೇಂದ್ರನಾಥ ಮಂಡಲರು. ಒಬ್ಬರ ಮತದಿಂದ ಆಗುವುದೇನು? ಮಂಡಲರು ಬೇರೆ ಬೇರೆ ಪಕ್ಷಗಳಲ್ಲಿ ಹಂಚಿಹೋಗಿದ್ದ ಪರಿಶಿಷ್ಟ ಜಾತಿಯ ಶಾಸಕರನ್ನು ಒಬ್ಬೊಬ್ಬರನ್ನಾಗಿ ಕಂಡರು, ಒಲಿಸಿದರು. ಬಂಗಾಳದ ದಲಿತ ತರುಣರು, ತಮ್ಮ ಭಾಷೆಯಾಡದ, ತಮ್ಮ ಪ್ರಾಂತದವನಲ್ಲದ ಆ ಮನುಷ್ಯನಿಗಾಗಿ ಪ್ರಚಾರ ಮಾಡಿದರು. ೧೯೪೬ರ ಜುಲೈಯಲ್ಲಿ ಅಂಬೇಡ್ಕರರು ಅಗತ್ಯಕ್ಕಿಂತ ಹೆಚ್ಚಿನ ಮತಗಳಿಂದ ಆರಿಸಿಬಂದರು. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರು ಆ ಸಭೆಯನ್ನು ಮೊದಲು ಹೊಕ್ಕದ್ದು ಹೀಗೆ, ಯಾರೂ ನಿರೀಕ್ಷಿಸದ ಬಾಗಿಲಿನಿಂದ.

ದೇಶ ಇಬ್ಭಾಗವಾದಾಗ ಬಂಗಾಳದ ಆ ಸದಸ್ಯತ್ವವೂ ಹೋಯಿತು. ಆದರೆ ಅಷ್ಟರೊಳಗೆ ಅವರ ಯೋಗ್ಯತೆಯನ್ನು ಸಭೆ ಕಂಡಿತ್ತು. ಜಯಕರರು ತೆರವು ಮಾಡಿದ್ದ ಮುಂಬಯಿಯ ಸ್ಥಾನಕ್ಕೆ ೧೯೪೭ರ ಜುಲೈಯಲ್ಲಿ ಕಾಂಗ್ರೆಸ್ಸೇ ಅವರನ್ನು ಆರಿಸಿ ಕಳುಹಿಸಿತು. ಮಂಡಲರ ಬಾಳು ಬೇರೆ ದಾರಿ ಹಿಡಿಯಿತು. ಅವರು ಪಾಕಿಸ್ತಾನದ ಮೊದಲ ಕಾನೂನು ಮಂತ್ರಿಗಳಾಗಿ, ೧೯೫೦ರಲ್ಲಿ ರಾಜೀನಾಮೆಯಿತ್ತು ನೊಂದು ಭಾರತಕ್ಕೆ ಮರಳಿದರು. ಕೈಹಿಡಿದು ಮೇಲೆತ್ತಿದವನನ್ನು ಇತಿಹಾಸ ಕೆಲವೊಮ್ಮೆ ಹೀಗೆ ಮರೆಯುತ್ತದೆ.

೧೯೪೭ರ ಆಗಸ್ಟ್ ೨೯ರಂದು ಕರಡು ಸಮಿತಿ ನೇಮಕವಾಯಿತು. ೧೯೪೯ರ ನವೆಂಬರ್ ೨೬ರಂದು ಸಂವಿಧಾನ ಅಂಗೀಕೃತವಾಯಿತು. ಅದರ ೩೨೬ನೆಯ ವಿಧಿ ವಯಸ್ಕ ಮತದಾನದ್ದು. ಆಸ್ತಿಯನ್ನೂ ಅಕ್ಷರವನ್ನೂ ಜಾತಿಯನ್ನೂ ಕೇಳದೆ, ವಯಸ್ಸು ತುಂಬಿದ ಪ್ರತಿಯೊಬ್ಬ ಹೆಣ್ಣು ಗಂಡಿಗೂ ಒಂದೊಂದು ಮತವನ್ನು ಕೊಟ್ಟ ವಿಧಿ. ೧೯೧೯ರಲ್ಲಿ ತರುಣ ಪ್ರಾಧ್ಯಾಪಕರು ಬೇಡಿದ್ದಕ್ಕಿಂತಲೂ ಹೆಚ್ಚಿನದು ಈಗ ದೇಶದ ಕಾನೂನಾಗಿ ನಿಂತಿತ್ತು. ಮೊದಲನೆಯ ಮಹಾಚುನಾವಣೆಯ ಪಟ್ಟಿಯಲ್ಲಿ ಸುಮಾರು ಹದಿನೇಳು ಕೋಟಿ ಜನರ ಹೆಸರು ಸೇರಿತು. ಚಾಳುಗಳ ಮೆಟ್ಟಲು ಹತ್ತಿದ್ದ, ಸ್ವಂತ ಮತವಿಲ್ಲದ ಆ ಕೂಲಿಗಳ ಹೆಸರೂ ಅದರಲ್ಲಿದ್ದವು.

ಹಿಂದೂ ಸಂಹಿತೆಯ ಮಸೂದೆ ನಿಂತುಹೋದ ಬೇಸರದಿಂದ ಮುಖ್ಯವಾಗಿ, ಬೇರೆ ಕೆಲವು ಕಾರಣಗಳಿಂದಲೂ, ಅಂಬೇಡ್ಕರರು ೧೯೫೧ರ ಸೆಪ್ಟೆಂಬರಿನಲ್ಲಿ ನೆಹರೂ ಮಂತ್ರಿಮಂಡಲವನ್ನು ಬಿಟ್ಟರು. ಸಕ್ಕರೆಯ ಕಾಯಿಲೆ ಅವರನ್ನು ಹಿಂಡಿತ್ತು. ಕಾಲುಗಳ ನೋವಿನಿಂದ ಆಸರೆಯಿಲ್ಲದೆ ನಡೆಯುವುದು ಕಷ್ಟವಾಗಿತ್ತು. ೧೯೪೮ರಲ್ಲಿ ಅವರ ಕೈಹಿಡಿದ ಡಾಕ್ಟರ್ ಸವಿತಾ ಅವರ ಶುಶ್ರೂಷೆಯಿಂದ ದೇಹ ಹೇಗೋ ನಡೆಯುತ್ತಿತ್ತು. ಈ ಸ್ಥಿತಿಯಲ್ಲಿಯೇ ಅವರು ಉತ್ತರ ಮುಂಬಯಿಯ ದ್ವಿಸದಸ್ಯ ಕ್ಷೇತ್ರದಿಂದ ಲೋಕಸಭೆಗೆ ನಿಂತರು. ಸಮಾಜವಾದಿ ಪಕ್ಷದೊಡನೆ ಮೈತ್ರಿ. ಸಾಮಾನ್ಯ ಸ್ಥಾನಕ್ಕೆ ಅಶೋಕ ಮೆಹತಾ, ಮೀಸಲು ಸ್ಥಾನಕ್ಕೆ ಅಂಬೇಡ್ಕರರು. ಎದುರಿಗೆ ಕಾಂಗ್ರೆಸ್ಸಿನ ನಾರಾಯಣ ಕಾಜ್ರೋಳ್ಕರರು. ಕಮ್ಯೂನಿಸ್ಟರೂ ಕಣದಲ್ಲಿದ್ದುದರಿಂದ ಕಾರ್ಮಿಕರ ಮತಗಳೂ ಒಡೆದುಹೋಗುವ ಭಯವಿತ್ತು. ಸ್ವಾತಂತ್ರ್ಯವನ್ನು ತಂದ ಪಕ್ಷದ ಎದುರು, ನೆಹರೂ ಅವರ ವರ್ಚಸ್ಸಿನ ಎದುರು, ಗೆಲುವು ಸುಲಭವೆಂದು ಭಾವಿಸಿದವರು ಕಡಮೆ.

ಸ್ವಯಂಸೇವಕರ ಕೆಲಸ ಈ ಸಲ ಇನ್ನೂ ತೊಡಕಿನದು. ಆ ಚುನಾವಣೆಯಲ್ಲಿ ಪ್ರತಿಯೊಬ್ಬ ಉಮೇದುವಾರನಿಗೂ ಬೇರೆ ಬೇರೆ ಮತಪೆಟ್ಟಿಗೆ; ಅದರ ಮೇಲೆ ಅವನ ಚಿಹ್ನೆ. ಫೆಡರೇಷನ್ನಿನದು ಆನೆ, ಸಮಾಜವಾದಿಗಳದು ಮರ, ಕಾಂಗ್ರೆಸ್ಸಿನದು ನೊಗ ಹೊತ್ತ ಜೋಡೆತ್ತು. ದ್ವಿಸದಸ್ಯ ಕ್ಷೇತ್ರದಲ್ಲಿ ಮತದಾರನ ಕೈಗೆ ಎರಡು ಚೀಟಿ ಬರುತ್ತಿದ್ದವು. ೧೯೩೭ರಲ್ಲಿ ಇದ್ದಂತೆ ಎಲ್ಲವನ್ನೂ ಒಬ್ಬನಿಗೇ ಹಾಕುವ ಅವಕಾಶ ಈಗಿಲ್ಲ. ಎರಡನ್ನೂ ಒಂದೇ ಪೆಟ್ಟಿಗೆಗೆ ಹಾಕಿದರೆ ಒಂದು ವ್ಯರ್ಥ. ಒಂದು ಆನೆಗೆ, ಒಂದು ಮರಕ್ಕೆ ಎಂದು ಕಲಿಸಬೇಕು. ಪ್ರೀತಿಯಿಂದ ಎರಡನ್ನೂ ಬಾಬಾಸಾಹೇಬರಿಗೇ ಹಾಕುತ್ತೇನೆಂದು ಹಟ ಹಿಡಿಯುವ ಮುದುಕಿಗೆ ಹಾಗೆ ಮಾಡಬಾರದೆಂದು ಒಪ್ಪಿಸಬೇಕು. ಜೀವಮಾನದಲ್ಲಿ ಮೊದಲ ಬಾರಿಗೆ ಚೀಟಿ ಹಿಡಿಯುವ ಕೈಗಳಿಗೆ ಇದನ್ನು ಕಲಿಸಿದವರು ಸಂಬಳವಿಲ್ಲದ, ವಾಹನವಿಲ್ಲದ, ತಾವೂ ಹೊಸದಾಗಿ ಕಲಿತ ಜನ. ಸಂವಿಧಾನವನ್ನು ಬರೆದುದು ದೆಹಲಿಯಲ್ಲಿ. ಅದರ ಪಾಠ ನಡೆದುದು ಇಂಥ ಕೇರಿಗಳಲ್ಲಿ.

೧೯೫೨ರ ಜನವರಿಯಲ್ಲಿ ಫಲಿತಾಂಶ ಬಂದಿತು. ಅಂಬೇಡ್ಕರರಿಗೆ ಒಂದು ಲಕ್ಷದ ಇಪ್ಪತ್ತು ಸಾವಿರಕ್ಕೂ ಮೀರಿ ಮತಗಳು ಬಂದಿದ್ದವು. ಆದರೂ ಅವರು ಸುಮಾರು ಹದಿನಾಲ್ಕೂವರೆ ಸಾವಿರ ಮತಗಳಿಂದ ಸೋತರು. ಅಶೋಕ ಮೆಹತಾ ಅವರೂ ಸೋತರು. ಸಾವಿರಾರು ಚೀಟಿಗಳು ಅಸಿಂಧುವಾಗಿದ್ದವು. ಇಬ್ಬರೂ ನ್ಯಾಯಮಂಡಲಿಗೆ ದೂರು ಕೊಟ್ಟರೂ ಫಲ ದೊರೆಯಲಿಲ್ಲ. ದೇಶದಲ್ಲೆಲ್ಲ ಫೆಡರೇಷನ್ನಿಗೆ ಲೋಕಸಭೆಯಲ್ಲಿ ದೊರೆತದ್ದು ಎರಡೇ ಸ್ಥಾನ. ಆ ವರ್ಷವೇ ಅಂಬೇಡ್ಕರರು ರಾಜ್ಯಸಭೆಗೆ ಆರಿಸಿಬಂದರು. ಆದರೆ ಜನರಿಂದ ನೇರವಾಗಿ ಆರಿಸಿಬರಬೇಕೆಂಬ ಹಂಬಲ ಬಿಡಲಿಲ್ಲ.

ಅದರಂತೆ ೧೯೫೪ರ ಮೇ ತಿಂಗಳಲ್ಲಿ ಭಂಡಾರಾ ಕ್ಷೇತ್ರದ ಉಪಚುನಾವಣೆಗೆ ನಿಂತರು. ಅದೂ ದ್ವಿಸದಸ್ಯ ಕ್ಷೇತ್ರವೇ. ಸಾಮಾನ್ಯ ಸ್ಥಾನಕ್ಕೆ ಮತ್ತೆ ಅಶೋಕ ಮೆಹತಾ. ಇಲ್ಲಿ ನಡೆದ ಒಂದು ಸಂಗತಿ ಅಂಬೇಡ್ಕರರ ಇಡೀ ಬಾಳನ್ನು ಬೆಳಗುವಂಥದು. ಕಾರ್ಯಕರ್ತರಲ್ಲಿ ಕೆಲವರು ಒಂದು ಉಪಾಯವನ್ನು ಮುಂದಿಟ್ಟರು. ಬೇರೆ ಜಾತಿಯವರು ತಮ್ಮ ಎರಡನೆಯ ಚೀಟಿಯನ್ನು ನಮ್ಮವರಿಗೆ ಹಾಕುವುದಿಲ್ಲ. ಹೀಗಿರುವಾಗ ನಮ್ಮ ಎರಡನೆಯ ಚೀಟಿಯನ್ನು ನಾವು ಮತ್ತೊಬ್ಬರಿಗೆ ಏಕೆ ಹಾಕಬೇಕು, ಅದನ್ನು ಹಾಳುಮಾಡಿಬಿಡೋಣ ಎಂಬುದು ಆ ಉಪಾಯ. ನಿಯಮದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಅಂಬೇಡ್ಕರರು ಒಪ್ಪಲಿಲ್ಲ. ಸಂವಿಧಾನವನ್ನು ರಚಿಸಿದ ತಾವೇ ಮತವನ್ನು ಸುಟ್ಟುಹಾಕಿರೆಂದು ಜನಕ್ಕೆ ಹೇಳಲಾರೆವು, ಅದಕ್ಕಿಂತ ಸೋಲೇ ಲೇಸು ಎಂಬುದು ಅವರ ನಿಲುವು. ಆ ಚುನಾವಣೆಯಲ್ಲಿ ಅಶೋಕ ಮೆಹತಾ ಗೆದ್ದರು. ಅಂಬೇಡ್ಕರರು ಎಂಟು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು.

ಸೋಲನ್ನು ಕಂಡು ಅವರು ನೊಂದರು ನಿಜ. ಆದರೆ ವಯಸ್ಕ ಮತದಾನವನ್ನು ಕೊಟ್ಟದ್ದು ತಪ್ಪಾಯಿತೆಂದು ಅವರು ಎಣಿಸಿದವರಲ್ಲ. ಓದಿದವರಲ್ಲಿ ಎಷ್ಟೋ ಮಂದಿ, ತಮ್ಮ ಇಷ್ಟದವನು ಸೋತಾಗ, ಈ ಅಜ್ಞ ಜನಕ್ಕೆ ಮತ ಏಕೆಂದು ಗೊಣಗುವುದನ್ನು ನಾವು ಕೇಳುತ್ತೇವೆ. ಹಾಗೆ ಗೊಣಗಲು ಅಂಬೇಡ್ಕರರಿಗೆ ಇದ್ದಷ್ಟು ಕಾರಣ ಮತ್ತಾರಿಗೂ ಇರಲಿಲ್ಲ. ಅವರು ಗೊಣಗದೆ ಇದ್ದುದಕ್ಕೆ ಕಾರಣವನ್ನು ಹುಡುಕಿದರೆ, ಅದು ಆ ಸ್ವಯಂಸೇವಕರಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಮತವೆಂಬುದು ಒಬ್ಬ ನಾಯಕನನ್ನು ಪೀಠಕ್ಕೆ ಏರಿಸುವ ಏಣಿ ಮಾತ್ರವಾಗಿದ್ದರೆ ೧೯೫೨ರ ಸೋಲು ಪೂರ್ಣ ಸೋಲೇ. ಆದರೆ ಕೇರಿಯ ಹೊರಗೆ ತಲೆಯೆತ್ತಿ ನಡೆಯಲಾರದಿದ್ದ ಮನುಷ್ಯನೊಬ್ಬನು ಮತದಾರರ ಪಟ್ಟಿಯನ್ನು ಕೈಯಲ್ಲಿ ಹಿಡಿದು ಮನೆಯಿಂದ ಮನೆಗೆ ಹೋಗಿ, ಈ ದೇಶವನ್ನು ಯಾರು ಆಳಬೇಕೆಂಬ ವಿಷಯವನ್ನು ಸಮಾನನಾಗಿ ಚರ್ಚಿಸಿದನಲ್ಲವೇ? ಆ ಕೆಲಸವನ್ನು ಯಾವ ಫಲಿತಾಂಶವೂ ಅಳಿಸಲಾರದು.

೧೯೫೬ರ ಅಕ್ಟೋಬರ್ ೧೪ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದ ಅಂಬೇಡ್ಕರರು, ಆ ವರ್ಷವೇ ಡಿಸೆಂಬರ್ ೬ರಂದು ದೆಹಲಿಯಲ್ಲಿ ತೀರಿಕೊಂಡರು. ಮೂರು ತಿಂಗಳೂ ಕಳೆಯುವ ಮೊದಲೇ ಎರಡನೆಯ ಮಹಾಚುನಾವಣೆ ಬಂದಿತು. ನಾಯಕನಿಲ್ಲದ ಫೆಡರೇಷನ್ನು ಕುಸಿದುಹೋಗುವುದೆಂದು ಎಣಿಸುವುದು ಸಹಜ. ಆದುದು ಬೇರೆ. ನಾಸಿಕದಿಂದ ಅವರ ಹಳೆಯ ಒಡನಾಡಿ ದಾದಾಸಾಹೇಬ ಗಾಯಕವಾಡರು ಲೋಕಸಭೆಗೆ ಆರಿಸಿಬಂದರು. ಆಗತಾನೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದ್ದ ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಿಂದ ಫೆಡರೇಷನ್ನಿನ ಡಿ. ಎ. ಕಟ್ಟಿಯವರು ಗೆದ್ದರು. ಗಡಿಯ ಪ್ರಶ್ನೆ ಕಾವೇರಿದ್ದ ಕಾಲವದು. ಆಯಾ ಊರಿನ ಮೈತ್ರಿಗಳೂ ಆ ಗೆಲುವುಗಳಲ್ಲಿ ಕೆಲಸ ಮಾಡಿರಬೇಕು. ಆದರೂ ಮೊದಲ ಚುನಾವಣೆಯಲ್ಲಿ ಎರಡೇ ಸ್ಥಾನ ಗೆದ್ದಿದ್ದ ಪಕ್ಷ ಎರಡನೆಯದರಲ್ಲಿ ಅದನ್ನು ಮೀರಿ ಗೆದ್ದದ್ದು, ಮನೆಮನೆಗೆ ನಡೆದ ಆ ಕಾಲುಗಳು ನಾಯಕನ ಮರಣದಿಂದ ನಿಲ್ಲಲಿಲ್ಲವೆಂಬುದಕ್ಕೆ ಸಾಕ್ಷಿ. ೧೯೬೧ರಲ್ಲಿ ಸಂಸತ್ತು ದ್ವಿಸದಸ್ಯ ಕ್ಷೇತ್ರಗಳ ಪದ್ಧತಿಯನ್ನೇ ರದ್ದುಮಾಡಿತು. ಎರಡು ಚೀಟಿಗಳ ಆ ಗೊಂದಲ ಅಲ್ಲಿಗೆ ಮುಗಿಯಿತು.

ಅಶೋಕಪುರದ ಆ ವಿದ್ಯಾರ್ಥಿಗೆ ಈಗ ನಾನು ಹೇಳುವುದು ಇಷ್ಟು. ಅಂಬೇಡ್ಕರರು ೧೯೩೭ರಲ್ಲಿ ಗೆದ್ದರು, ೧೯೪೬ರಲ್ಲಿ ದೂರದ ಜನರ ನೆರವಿನಿಂದ ಗೆದ್ದರು, ೧೯೫೨ರಲ್ಲಿ ಸೋತರು, ೧೯೫೪ರಲ್ಲಿ ಒಂದು ತತ್ತ್ವವನ್ನು ಉಳಿಸಿಕೊಂಡು ಸೋತರು. ಈ ನಾಲ್ಕರಲ್ಲಿಯೂ ಅವರೊಡನೆ ನಿಂತವರ ಹೆಸರುಗಳು ಯಾವ ಫಲಕದ ಮೇಲೂ ಇಲ್ಲ. ಅವರಲ್ಲಿ ಬಹುಮಂದಿ ಓದು ಬಾರದವರು, ಆದ್ದರಿಂದ ಅವರು ತಮ್ಮ ಕಥೆಯನ್ನು ಬರೆದಿಡಲಿಲ್ಲ. ಆದರೆ ಮುಂದಿನ ಏಪ್ರಿಲ್ ೧೪ರಂದು ನಮ್ಮ ಉದ್ಯಾನದಲ್ಲಿ ಹಾರ ಹಿಡಿದು ನಿಲ್ಲುವ ಮುದುಕರಲ್ಲಿ ಯಾರನ್ನಾದರೂ ಮಾತನಾಡಿಸಿ ನೋಡು. ಹಿಂದೆ ಯಾವುದೋ ಚುನಾವಣೆಯಲ್ಲಿ, ಗೆಲ್ಲನೆಂದು ಎಲ್ಲರೂ ಹೇಳಿದ ಒಬ್ಬ ಉಮೇದುವಾರನಿಗಾಗಿ ಚಪ್ಪಲಿ ಸವೆಸಿದವರು ಅವರಲ್ಲಿ ಇದ್ದೇ ಇರುತ್ತಾರೆ. ಆ ದುಡಿಮೆ ವ್ಯರ್ಥವಾಯಿತೇ ಎಂಬ ನಿನ್ನ ಪ್ರಶ್ನೆಯನ್ನು ಅವರಿಗೇ ಕೇಳು. ಅವರು ಉತ್ತರ ಹೇಳುವಾಗ ಆ ಮುಖವನ್ನು ಗಮನಿಸು.